ಕೊಡಗಿನಲ್ಲಿ ಮನೆ ಮಾರಾಟ: ಮಧ್ಯವರ್ತಿ ಓದಬೇಕಾದ ಹಾಳೆ

ಕೊಡಗಿನಲ್ಲಿ ಮನೆಯೊಂದನ್ನು ಮಾರಬಹುದೇ, ಯಾರು ಮಾರಬಹುದು, ಕೊಂಡವರಿಗೆ ಅದರೊಂದಿಗೆ ಏನೇನು ದಕ್ಕುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಕಟ್ಟಡದಲ್ಲಿ ಸಿಗುವುದಿಲ್ಲ, ಅದು ನಿಂತಿರುವ ನೆಲದ ದಾಖಲೆಯಲ್ಲಿ ಸಿಗುತ್ತದೆ. ಮೈಸೂರಿನದೋ ಹುಬ್ಬಳ್ಳಿಯದೋ ಬಡಾವಣೆಯಲ್ಲಿ ನಿವೇಶನ ಸಂಖ್ಯೆ, ಖಾತೆ, ಕ್ರಯಪತ್ರಗಳನ್ನು ನೋಡಿ ವ್ಯವಹಾರ ಮುಗಿಸಿದ ಅನುಭವವುಳ್ಳವರು ಮಡಿಕೇರಿಗೋ ವಿರಾಜಪೇಟೆಗೋ ಮನೆ ಹುಡುಕಿಕೊಂಡು ಬಂದಾಗ ಜಮ್ಮಾ, ಬಾಣೆ, ಸಾಗು, ಪೈಸಾರಿ, ರಿಡೀಮ್ಡ್, ಅನ್‌ರಿಡೀಮ್ಡ್ ಎಂಬ ಮಾತುಗಳನ್ನು ಮೊದಲ ಬಾರಿಗೆ ಕೇಳುತ್ತಾರೆ. ಅವನ್ನು ಅವರ ಕಿವಿಗೆ ಹಾಕುವವರು ಸಾಮಾನ್ಯವಾಗಿ ವಕೀಲರೂ ಅಲ್ಲ, ಕಂದಾಯ ಅಧಿಕಾರಿಗಳೂ ಅಲ್ಲ, ದಲ್ಲಾಳಿಗಳು. ಆದ್ದರಿಂದ ಈ ಜಿಲ್ಲೆಯಲ್ಲಿ ಮಧ್ಯವರ್ತಿಯ ಯೋಗ್ಯತೆಯನ್ನು ಎಷ್ಟು ಮನೆಗಳನ್ನು ತೋರಿಸಬಲ್ಲರು ಎಂಬುದಕ್ಕಿಂತ, ಪಹಣಿಯ ಒಂದು ಹಾಳೆಯನ್ನು ಎಷ್ಟು ಸರಿಯಾಗಿ ಓದಿ ಹೇಳಬಲ್ಲರು ಎಂಬುದರಿಂದ ಅಳೆಯುವುದು ಸೂಕ್ತ.

ಜಮ್ಮಾ ಎಂಬುದು ಹಾಲೇರಿ ಅರಸರ ಕಾಲದಿಂದ ಬಂದ ವಂಶಪಾರಂಪರ್ಯ ಹಿಡುವಳಿ. ಅರಸರಿಗೆ ಸಲ್ಲಿಸಬೇಕಾಗಿದ್ದ ಸೇವೆಗೆ ಪ್ರತಿಯಾಗಿ ಈ ಭೂಮಿಗೆ ಕಂದಾಯದಲ್ಲಿ ರಿಯಾಯಿತಿ ಇತ್ತು. ಸಾಮಾನ್ಯ ಸಾಗು ಭೂಮಿಗೆ ನಿಗದಿಯಾಗಿದ್ದ ದರದ ಅರ್ಧದಷ್ಟನ್ನು ಜಮ್ಮಾ ಹಿಡುವಳಿದಾರರು ತೆರುತ್ತಿದ್ದರು. 1834ರಲ್ಲಿ ಕೊಡಗು ಬ್ರಿಟಿಷರ ಆಡಳಿತಕ್ಕೆ ಸೇರಿದ ನಂತರವೂ ಈ ಪದ್ಧತಿ ಉಳಿದುಕೊಂಡಿತು ಮತ್ತು 1899ರ ಕೊಡಗು ಭೂ ಕಂದಾಯ ನಿಯಮಾವಳಿಯಲ್ಲಿ ಅದಕ್ಕೆ ಶಾಸನದ ರೂಪವೂ ದೊರೆಯಿತು. ಭತ್ತದ ಗದ್ದೆಗೆ ಹೊಂದಿಕೊಂಡಂತೆ ಸೌದೆ, ಸೊಪ್ಪು, ಮೇವುಗಳಿಗಾಗಿ ಬಿಟ್ಟುಕೊಟ್ಟ ಮರಗಾಡಿನ ಭಾಗವೇ ಬಾಣೆ. ಕಾಫಿ ಬೇಸಾಯ ಹರಡಿದಂತೆ ಬಾಣೆಗಳು ತೋಟಗಳಾದವು, ತೋಟಗಳ ನಡುವೆ ಮನೆಗಳು ಎದ್ದವು. ಆದರೆ ದಾಖಲೆಯಲ್ಲಿ ಅವು ಬಹುಕಾಲ ಗದ್ದೆಯ ಅಂಗವಾಗಿಯೇ ಉಳಿದವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನಗೊಂಡು, ಮುಂದೆ 1964ರ ಭೂ ಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯವಾದಾಗ ಈ ವಿಶಿಷ್ಟ ಹಿಡುವಳಿ ಹೊಸ ಚೌಕಟ್ಟಿಗೆ ಸಲೀಸಾಗಿ ಒಗ್ಗಲಿಲ್ಲ. ಜಮ್ಮಾ ಬಾಣೆಯ ಹಕ್ಕನ್ನು ಸ್ಪಷ್ಟಪಡಿಸಲು ತಂದ 2011ರ ತಿದ್ದುಪಡಿ 2013ರಲ್ಲಿ ಜಾರಿಗೆ ಬಂದರೂ, ಹಳೆಯ ಪಟ್ಟೆದಾರರ ಹೆಸರುಗಳನ್ನು ಹೊತ್ತ ಪಹಣಿಗಳು ಒಂದೇ ದಿನದಲ್ಲಿ ಸರಿಹೋಗುವಂಥವಾಗಿರಲಿಲ್ಲ.

ಪಟ್ಟೆದಾರ ಎಂದರೆ ಒಕ್ಕದ ಹಿರಿಯ. ಒಕ್ಕ ಎಂಬುದು ಒಂದೇ ಮೂಲಪುರುಷನಿಂದ ಇಳಿದು ಬಂದ, ಒಂದೇ ಮನೆಹೆಸರಿನ ಕುಟುಂಬಗಳ ಸಮೂಹ. ಭೂಮಿ ಇಡೀ ಒಕ್ಕಕ್ಕೆ ಸೇರಿದ್ದಾದರೂ ಪಟ್ಟೆ ಮಾತ್ರ ಹಿರಿಯನ ಹೆಸರಿನಲ್ಲಿರುವುದು ರೂಢಿ. ಇದರ ಪರಿಣಾಮ ಪಹಣಿಯ 9ನೇ ಕಾಲಮ್ಮಿನಲ್ಲಿ, ಅಂದರೆ ಸ್ವಾಧೀನದಾರರ ಹೆಸರು ಬರೆಯುವ ಜಾಗದಲ್ಲಿ, ಕಣ್ಣಿಗೆ ಬೀಳುತ್ತದೆ. ಬಯಲುಸೀಮೆಯ ಪಹಣಿಯಲ್ಲಿ ಒಂದೆರಡು ಹೆಸರುಗಳಿರುವಲ್ಲಿ ಇಲ್ಲಿ ಹತ್ತಾರು ಹೆಸರುಗಳು ಒಂದರ ಕೆಳಗೊಂದು ಸಾಲುಗಟ್ಟಿರಬಹುದು. ಅವುಗಳಲ್ಲಿ ಕೆಲವು ಎರಡು ತಲೆಮಾರಿನ ಹಿಂದೆಯೇ ತೀರಿಕೊಂಡವರದ್ದಾಗಿರಬಹುದು. ಮನೆಯಲ್ಲಿ ವಾಸವಿರುವ ಮತ್ತು ಅದನ್ನು ಮಾರಲು ಹೊರಟಿರುವ ವ್ಯಕ್ತಿಯ ಹೆಸರೇ ಅಲ್ಲಿ ಇಲ್ಲದಿರಬಹುದು. 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲ ದಾಖಲಾಗಿರುತ್ತದೆ. ಮನೆ ಇಷ್ಟವಾಗಿ, ಮುಂಗಡ ಕೊಟ್ಟು, ಆಮೇಲೆ ಈ ಹಾಳೆಯನ್ನು ವಕೀಲರ ಮುಂದಿಟ್ಟವರು ತಿಂಗಳುಗಟ್ಟಲೆ ಕಾಯುವ ಪರಿಸ್ಥಿತಿ ಬರುವುದು ಈ ಕಾರಣಕ್ಕೆ.

ಪೂರ್ವಿಕರ ಐನ್‌ಮನೆ ಸಾಮಾನ್ಯವಾಗಿ ಮಾರುಕಟ್ಟೆಗೆ ಬರುವುದೇ ಇಲ್ಲ. ಮಾರಾಟಕ್ಕೆ ಬರುವುದು ಒಕ್ಕದ ಸದಸ್ಯರು ತಮ್ಮ ಅನುಭೋಗದ ಭಾಗದಲ್ಲಿ ಕಟ್ಟಿಕೊಂಡ ಮನೆಗಳು, ತೋಟದ ಬಂಗಲೆಗಳು ಮತ್ತು ಪಟ್ಟಣಗಳ ಮನೆಗಳು. ಮೊದಲೆರಡು ಬಗೆಯ ಮಾರಾಟದಲ್ಲಿ ಹಕ್ಕುದಾರರನ್ನೆಲ್ಲ ಗುರುತಿಸಿ ಅವರ ಸಹಿ ಪಡೆಯುವುದೇ ದೊಡ್ಡ ಕೆಲಸ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ, ಮತ್ತು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಹಭಾಗಿತ್ವದ ಹಕ್ಕಿದೆಯೆಂದು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿದ ನಂತರ, ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಕ್ರಯಪತ್ರ ಮಾಡುವ ಹಳೆಯ ರೂಢಿ ಅಪಾಯಕಾರಿಯಾಗಿದೆ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೇನೆಯಲ್ಲಿ, ಮತ್ತೊಬ್ಬರು ವಿದೇಶದಲ್ಲಿ ನೆಲೆಸಿರುವ ಕುಟುಂಬಗಳು ಕೊಡಗಿನಲ್ಲಿ ಅಪರೂಪವಲ್ಲ. ಇವರನ್ನೆಲ್ಲ ಸಂಪರ್ಕಿಸಿ, ವಂಶವೃಕ್ಷ ಸಿದ್ಧಪಡಿಸಿ, ಬರಲಾಗದವರಿಂದ ಕ್ರಮಬದ್ಧ ಅಧಿಕಾರಪತ್ರ ತರಿಸಿ, ಒಂದೇ ದಿನ ಉಪನೋಂದಣಾಧಿಕಾರಿಯ ಕಚೇರಿಗೆ ಕೂಡಿಸುವ ಮಧ್ಯವರ್ತಿ ತನ್ನ ಕಮಿಷನ್ನನ್ನು ನ್ಯಾಯವಾಗಿಯೇ ದುಡಿಯುತ್ತಾರೆ. ಇಷ್ಟು ಶ್ರಮ ಬೇಡವೆಂದು ಅಧಿಕಾರಪತ್ರವನ್ನೇ ಮಾರಾಟದ ದಾಖಲೆಯೆಂದು ಮುಂದಿಡುವ ಮಧ್ಯವರ್ತಿಯಿಂದ ಮಾತ್ರ ಕೊಳ್ಳುವವರು ದೂರವಿರಬೇಕು. ಅಧಿಕಾರಪತ್ರದ ಮೂಲಕ ನಡೆಯುವ ಇಂಥ ‘ಮಾರಾಟ’ದಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರ ಅಕ್ಟೋಬರ್‌ನಲ್ಲಿ, ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ನಿಸ್ಸಂದೇಹವಾಗಿ ಹೇಳಿದೆ.

ಸಹಿಗಳ ವಿಷಯ ಬಗೆಹರಿದರೂ ನೆಲದ ಬಗೆ ಬೇರೆ ತೊಡಕುಗಳನ್ನು ತರುತ್ತದೆ. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಭೂಮಿಯನ್ನು ರಿಡೀಮ್ಡ್ ಎಂದೂ, ಹಾಗೆ ಬಿಡಿಸಿಕೊಳ್ಳದ್ದನ್ನು ಅನ್‌ರಿಡೀಮ್ಡ್ ಎಂದೂ ಕರೆಯುತ್ತಾರೆ. ಎರಡನೆಯ ಬಗೆಯ ಜಾಗದಲ್ಲಿ ಮನೆಯ ಹಿಂದೆ ಬೀಟೆಯೋ ತೇಗವೋ ಎಷ್ಟೇ ಸೊಂಪಾಗಿ ಬೆಳೆದು ನಿಂತಿದ್ದರೂ ಆ ಮರದ ಹಕ್ಕು ಸರ್ಕಾರದ್ದು. ‘ಮರಗಳ ಬೆಲೆಯೇ ಇಷ್ಟು ಲಕ್ಷ ಬರುತ್ತದೆ’ ಎಂದು ಮನೆಯ ಬೆಲೆ ಏರಿಸುವ ದಲ್ಲಾಳಿ ಮಾರುತ್ತಿರುವುದು ಮಾಲೀಕರದ್ದೇ ಅಲ್ಲದ ಸೊತ್ತನ್ನು. ಪೈಸಾರಿ ಎಂದರೆ ಸರ್ಕಾರಿ ಜಾಗ. ಅಲ್ಲಿ ಹಕ್ಕುಪತ್ರವಿಲ್ಲದೆ ಕಟ್ಟಿದ ಮನೆಗಳು ಬಾಯಿಮಾತಿನಲ್ಲಿ ಕೈ ಬದಲಾಯಿಸುವುದುಂಟು, ಮತ್ತು ಹಕ್ಕುಪತ್ರ ಸಿಕ್ಕಿದ ಕಡೆಯೂ ಅದರಲ್ಲಿ ಬರೆದಿರುವ ಪರಭಾರೆ ಷರತ್ತನ್ನು, ಅಂದರೆ ಮಾರಾಟಕ್ಕಿರುವ ನಿರ್ಬಂಧವನ್ನು, ಓದದೆ ಮುಂದುವರಿಯುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ವ್ಯವಹಾರ ಅಸಿಂಧು. 2023ರ ತಿದ್ದುಪಡಿಯ ನಂತರ ಬಹಳ ವರ್ಷ ಕಳೆಯಿತೆಂಬ ವಾದವನ್ನೂ ಕೊಂಡವರು ನೆಚ್ಚಿಕೊಳ್ಳುವಂತಿಲ್ಲ. ತೋಟದ ಬಂಗಲೆಗಳ ಮಾರಾಟದಲ್ಲಿ ಲೈನ್‌ಮನೆಗಳ ಪ್ರಶ್ನೆಯೂ ಇದೆ: ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಈ ಮನೆಗಳಲ್ಲಿ ಹಲವು ವರ್ಷಗಳಿಂದ ವಾಸವಿರುವ ಕುಟುಂಬಗಳಿದ್ದಾಗ, ಅವರ ಬಾಕಿ ಮತ್ತು ವಾಸದ ವಿಷಯ ಇತ್ಯರ್ಥವಾಗದೆ ‘ಖಾಲಿ ಸ್ವಾಧೀನ’ ಎಂದು ಕರಾರಿನಲ್ಲಿ ಬರೆಯುವುದು ಕಾಗದಕ್ಕಷ್ಟೇ ಸೀಮಿತ. ಗಡಿಗೆ ದೇವರಕಾಡು ತಾಗಿಕೊಂಡಿದ್ದರೆ ಅಳತೆ ಮಾಡಿಸದೆ ಮುಂದುವರಿಯುವ ಮಧ್ಯವರ್ತಿಯ ಆತುರ ಸಂಶಯಕ್ಕೆ ಎಡೆಮಾಡಬೇಕು.

ಇಷ್ಟು ತೊಡಕುಗಳಿದ್ದೂ ಹೊರಗಿನ ಕೊಳ್ಳುಗರು ಇಲ್ಲಿಗೆ ಬರುವುದು ನಿಂತಿಲ್ಲ. ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ರಾಜ್ಯದಾದ್ಯಂತ ತಡೆಯುತ್ತಿದ್ದ ದಶಕಗಳಲ್ಲಿಯೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ಅದೇ ಕಾಯ್ದೆಯ 104ನೇ ಕಲಮಿನಿಂದ ವಿನಾಯಿತಿ ದೊರೆತಿತ್ತು. ಬೆಂಗಳೂರಿನ ಸಂಬಳದಾರರು ಗದ್ದೆ ಕೊಳ್ಳಲಾಗದಿದ್ದರೂ ತೋಟ ಕೊಳ್ಳಬಹುದಾಗಿತ್ತು. 2020ರಲ್ಲಿ ಆ ಎರಡು ಕಲಮುಗಳೂ ರದ್ದಾದವು. ಕೊಳ್ಳಲು ಇದ್ದ ಅಡ್ಡಿ ಹೋದದ್ದರಿಂದ ಕಟ್ಟಲು ಇರುವ ಅಡ್ಡಿಯೂ ಹೋಯಿತೆಂದು ಹಲವರು ತಿಳಿದಿದ್ದಾರೆ, ಆ ತಪ್ಪು ತಿಳಿವಳಿಕೆಯನ್ನು ತಿದ್ದುವ ಉತ್ಸಾಹ ಎಲ್ಲ ಮಧ್ಯವರ್ತಿಗಳಲ್ಲೂ ಕಾಣದು. ಕೃಷಿ ಭೂಮಿಯಲ್ಲಿ ವಾಸದ ಬಡಾವಣೆಯನ್ನೋ ರೆಸಾರ್ಟನ್ನೋ ಕಟ್ಟಲು ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂ ಪರಿವರ್ತನೆಯ ಆದೇಶ ಬೇಕು. ತೋಟವನ್ನು ತುಂಡು ಮಾಡಿ ‘ಫಾರ್ಮ್ ಪ್ಲಾಟ್’ ಎಂಬ ಹೆಸರಿನಲ್ಲಿ ಮಾರುವವರ ಜಾಹೀರಾತುಗಳಲ್ಲಿ ಮಂಜು, ಕಾಫಿ ಹೂವು, ಬೆಟ್ಟದ ನೋಟ ಎಲ್ಲವೂ ಇರುತ್ತವೆ. ಪರಿವರ್ತನೆ ಆದೇಶದ ಸಂಖ್ಯೆ ಇರುವುದಿಲ್ಲ.

ಮಧ್ಯವರ್ತಿಗಳು ಯಾರು ಎಂಬುದಕ್ಕೆ ಇಲ್ಲಿ ಒಂದೇ ಉತ್ತರವಿಲ್ಲ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳಲ್ಲಿ ಫಲಕ ಹಾಕಿ ಕಚೇರಿ ನಡೆಸುವವರಿದ್ದಾರೆ. ಅವರ ಜೊತೆಗೆ ತೋಟದ ರೈಟರು, ಕಾಫಿ ವ್ಯಾಪಾರಿ, ದಸ್ತಾವೇಜು ಬರಹಗಾರ, ಜೀಪಿನ ಚಾಲಕ ಹೀಗೆ ಸುದ್ದಿ ಗೊತ್ತಿರುವ ಯಾರು ಬೇಕಾದರೂ ಒಂದು ವ್ಯವಹಾರದ ಮಟ್ಟಿಗೆ ಬ್ರೋಕರ್ ಆಗಬಹುದು. ಒಂದೇ ಮನೆಯ ಸುದ್ದಿ ನಾಲ್ಕೈದು ಮಂದಿಯ ಕೈದಾಟಿ ಬಂದಾಗ ಕಮಿಷನ್ ಕೇಳುವವರೂ ಅಷ್ಟೇ ಮಂದಿ ಇರುತ್ತಾರೆ. ಕಮಿಷನ್ನಿನ ದರವನ್ನು ಯಾವ ಕಾನೂನೂ ನಿಗದಿಪಡಿಸಿಲ್ಲ. ಎರಡೂ ಕಡೆಯಿಂದ ಶೇಕಡಾ 1ರಿಂದ 2ರವರೆಗೆ ಎಂಬುದು ರಾಜ್ಯದ ಹಲವೆಡೆ ನಡೆದುಬಂದ ರೂಢಿ. 60 ಲಕ್ಷ ರೂಪಾಯಿಯ ಮನೆಗೆ ಶೇಕಡಾ 2 ಎಂದರೆ 1 ಲಕ್ಷ 20 ಸಾವಿರ. ಇದರ ಮೇಲೆ ಸರ್ಕಾರಕ್ಕೆ ಸಲ್ಲುವುದು ಬೇರೆ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದ ಮೇಲೆ, ಶೇಕಡಾ 5ರ ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಸೆಸ್, ಸರ್ಚಾರ್ಜುಗಳನ್ನು ಕೂಡಿಸಿದರೆ ಗ್ರಾಮೀಣ ಪ್ರದೇಶದಲ್ಲಿ ಒಟ್ಟು ಶೇಕಡಾ 7.65, ಅಂದರೆ ಇದೇ ಮನೆಗೆ 4 ಲಕ್ಷ 59 ಸಾವಿರ ರೂಪಾಯಿ. ಈ ಮೊತ್ತವನ್ನು ಉಳಿಸಿಕೊಡುತ್ತೇನೆಂದು ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡಿಸುವ ಸಲಹೆ ಬಂದರೆ ಒಪ್ಪಬಾರದು. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದಲೇ ನಿಷೇಧಿಸಿದ್ದು, ತಪ್ಪಿದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡವಿದೆ. ವ್ಯವಹಾರ ಮುರಿದುಬಿದ್ದರೆ ಕೊಳ್ಳುವವರ ಕೈಯಲ್ಲಿ ನಗದಿಗೆ ಸಾಕ್ಷ್ಯವೂ ಉಳಿಯದು.

ಇಂಥವರ ಮೇಲೆ ಕಾನೂನಿನ ಹಿಡಿತ ಎಷ್ಟಿದೆ? 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ರೇರಾ, ಏಜೆಂಟರು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ, ತಪ್ಪಿದರೆ ದಿನಕ್ಕೆ 10 ಸಾವಿರ ರೂಪಾಯಿಯವರೆಗೆ ದಂಡ ತೆರಬೇಕೆಂದೂ ಹೇಳುತ್ತದೆ. ಆದರೆ ಈ ನಿಯಮ ಅನ್ವಯವಾಗುವುದು ನೋಂದಣಿಗೆ ಒಳಪಡುವ ಯೋಜನೆಗಳ ಮಾರಾಟಕ್ಕೆ, ಅಂದರೆ 500 ಚದರ ಮೀಟರ್ ಮೀರಿದ ಅಥವಾ 8ಕ್ಕಿಂತ ಹೆಚ್ಚು ಮನೆಗಳಿರುವ ಬಡಾವಣೆ ಮತ್ತು ವಸತಿ ಸಮುಚ್ಚಯಗಳಿಗೆ. ಕುಶಾಲನಗರದ ಹೊಸ ಬಡಾವಣೆಯ ನಿವೇಶನವನ್ನು ತೋರಿಸುವವರಿಗೆ ರೇರಾ ಸಂಖ್ಯೆ ಬೇಕು. ಮಡಿಕೇರಿಯ 40 ವರ್ಷದ ಹಳೆಯ ಹಂಚಿನ ಮನೆಯನ್ನೋ ಸಿದ್ದಾಪುರದ ತೋಟದ ಬಂಗಲೆಯನ್ನೋ ಮಾರಿಸಿಕೊಡುವವರಿಗೆ ಬೇಡ. ಕೊಡಗಿನಲ್ಲಿ ಅತ್ಯಂತ ಜಟಿಲವಾದ ವ್ಯವಹಾರಗಳು ಎರಡನೆಯ ಬಗೆಯವು. ಅಲ್ಲಿ ಉಳಿಯುವ ಆಸರೆ 1872ರ ಭಾರತೀಯ ಕರಾರು ಕಾಯ್ದೆ ಮಾತ್ರ. ಅದರಲ್ಲಿ ಏಜೆಂಟ್ ತನ್ನನ್ನು ನೇಮಿಸಿದವರ ಹಿತಕ್ಕೆ ಬದ್ಧನಾಗಿರಬೇಕು, ಅವರಿಗೆ ತಿಳಿಸದೆ ಸ್ವಂತ ಲಾಭಕ್ಕಾಗಿ ವ್ಯವಹರಿಸಬಾರದು, ಒಪ್ಪಿಕೊಂಡ ಕೆಲಸ ಪೂರ್ಣವಾಗುವ ತನಕ ಸಂಭಾವನೆ ಕೇಳುವಂತಿಲ್ಲ ಎಂಬ ಕಟ್ಟುಪಾಡುಗಳಿವೆ. ತೊಂದರೆಯೆಂದರೆ, ದಲ್ಲಾಳಿಯನ್ನು ನೇಮಿಸಿದವರು ಯಾರು ಎಂಬುದೇ ಇಲ್ಲಿ ಬರಹದಲ್ಲಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ಏಜೆಂಟರು ತಮ್ಮ ಸ್ವಹಿತವನ್ನು ಮೊದಲೇ ಬಹಿರಂಗಪಡಿಸಬೇಕೆಂಬ ಕಾನೂನು 1979ರಿಂದ ಇದೆ. ಅಮೆರಿಕದಲ್ಲಿ ದೊಡ್ಡದೊಂದು ಮೊಕದ್ದಮೆಯ ರಾಜಿಯ ಫಲವಾಗಿ 2024ರ ಆಗಸ್ಟ್‌ನಿಂದ ಕೊಳ್ಳುವವರ ಏಜೆಂಟ್ ಮನೆ ತೋರಿಸುವುದಕ್ಕೂ ಮೊದಲು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ. ಎರಡೂ ಕಡೆಯಿಂದ ಕಮಿಷನ್ ಪಡೆಯುವವರು ಯಾರ ಪರ ಚೌಕಾಶಿ ಮಾಡುತ್ತಾರೆಂದು ಇಲ್ಲಿ ಕೇಳಿದರೆ, ‘ಇಬ್ಬರಿಗೂ ಒಳ್ಳೆಯದಾಗುವ ಹಾಗೆ’ ಎಂಬ ಉತ್ತರ ಸಿಗುತ್ತದೆ. ವಾಸ್ತವದಲ್ಲಿ ವ್ಯವಹಾರ ಬೇಗ ಮುಗಿಯುವುದರಲ್ಲಷ್ಟೇ ಅವರ ಲಾಭವಿದೆ.

ಮುಚ್ಚಿಟ್ಟ ದೋಷಗಳ ವಿಷಯದಲ್ಲಿ ಈ ಆತುರ ಹೆಚ್ಚು ಹಾನಿ ಮಾಡುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಮ್ಮೆತ್ತಾಳು ಮೊದಲಾದ ಕಡೆ ಬೆಟ್ಟ ಕುಸಿದು ಮನೆಗಳು ನೆಲಸಮವಾದವು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿಯೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಭೂಕುಸಿತಗಳಾದವು. ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ ಜಾಗದ ಮನೆ ಬೇಸಿಗೆಯಲ್ಲಿ ನೋಡಲು ಚೆನ್ನಾಗಿಯೇ ಕಾಣುತ್ತದೆ. ಹಿಂಬದಿಯ ದರೆ ಕಳೆದ ಮಳೆಗಾಲದಲ್ಲಿ ಬಿರುಕು ಬಿಟ್ಟಿತ್ತೇ, ತಡೆಗೋಡೆ ಯಾವಾಗ ಮತ್ತು ಏಕೆ ಕಟ್ಟಿದರು ಎಂಬುದು ಮಾಲೀಕರಿಗೂ ನೆರೆಯವರಿಗೂ ಗೊತ್ತಿರುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತನಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವರು ಕೊಳ್ಳುವವರಿಗೆ ತಿಳಿಸಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ವಿಧಿಸುತ್ತದೆ. ಈ ಹೊಣೆ ಮಾರುವವರದ್ದು, ದಲ್ಲಾಳಿಯದ್ದೆಂದು ಕಲಮು ಹೆಸರಿಸಿಲ್ಲ. ಆದಕಾರಣ ಕೊಳ್ಳುವವರು ಮನೆಯನ್ನು ಒಮ್ಮೆಯಾದರೂ ಜುಲೈ ಅಥವಾ ಆಗಸ್ಟ್‌ನಲ್ಲಿ ನೋಡುವುದು, ದೋಷಗಳಿಲ್ಲವೆಂಬ ಹೇಳಿಕೆಯನ್ನು ಕರಾರುಪತ್ರದಲ್ಲಿಯೇ ಬರೆಸಿಕೊಳ್ಳುವುದು ಅಗತ್ಯ.

ಮಾರುವವರಿಗೂ ಬರಹವೇ ರಕ್ಷಣೆ. ಯಾರಿಗೆ, ಎಷ್ಟು ತಿಂಗಳಿಗೆ, ಯಾವ ಕನಿಷ್ಠ ಬೆಲೆಗೆ ಮಾರಾಟದ ಹೊಣೆ ಒಪ್ಪಿಸಲಾಗಿದೆ, ಆ ಬೆಲೆಗಿಂತ ಹೆಚ್ಚು ಬಂದದ್ದು ಯಾರಿಗೆ ಸೇರುತ್ತದೆ, ನಡುವೆ ಬರುವ ಇತರ ಬ್ರೋಕರ್‌ಗಳ ಪಾಲನ್ನು ಯಾರು ಕೊಡಬೇಕು ಎಂಬುದನ್ನು ಒಂದೆರಡು ಪುಟದಲ್ಲಿ ಬರೆದುಕೊಂಡರೆ, ‘ಮೇಲಿನದ್ದು ನನಗೆ’ ಎಂಬ ಹಳೆಯ ಪದ್ಧತಿಯಲ್ಲಿ ಮಾಲೀಕರಿಗೆ ಗೊತ್ತಾಗದೆ ಲಕ್ಷಗಳು ನಡುವೆ ಉಳಿಯುವುದು ತಪ್ಪುತ್ತದೆ. ಟೋಕನ್ ಮುಂಗಡ ದಲ್ಲಾಳಿಯ ಕೈಗಲ್ಲ, ಹಕ್ಕುದಾರರ ಬ್ಯಾಂಕ್ ಖಾತೆಗೆ ಹೋಗಬೇಕು. ದಾಖಲೆಗಳ ಪರಿಶೀಲನೆಗೆ ವಕೀಲರನ್ನು ಕೊಳ್ಳುವವರೇ ಆರಿಸಿ, ವ್ಯವಹಾರ ಮುಗಿದರೂ ಮುರಿದರೂ ಒಂದೇ ಆಗಿರುವ ಶುಲ್ಕವನ್ನು ಅವರಿಗೆ ನೇರವಾಗಿ ಕೊಡಬೇಕು. ಮಧ್ಯವರ್ತಿಯೇ ಕರೆತಂದ ವಕೀಲರು ‘ಎಲ್ಲ ಸರಿಯಿದೆ’ ಎಂದರೆ ಅದನ್ನು ಎರಡನೆಯ ಅಭಿಪ್ರಾಯವೆಂದು ಎಣಿಸಲಾಗದು. ಕಮಿಷನ್ನಿನ ಒಂದು ಭಾಗವನ್ನು ನೋಂದಣಿಯ ದಿನಕ್ಕೂ, ಉಳಿದದ್ದನ್ನು ಹೊಸ ಮಾಲೀಕರ ಹೆಸರು ಪಹಣಿಯಲ್ಲಿ ಅಥವಾ ಇ-ಖಾತೆಯಲ್ಲಿ ಬಂದ ದಿನಕ್ಕೂ ಕಟ್ಟಿಹಾಕುವ ಷರತ್ತನ್ನು ಹೆಚ್ಚಿನ ದಲ್ಲಾಳಿಗಳು ಸುಲಭವಾಗಿ ಒಪ್ಪಲಾರರು, ಏಕೆಂದರೆ ಜಮ್ಮಾ ಹಿಡುವಳಿಯಲ್ಲಿ ಆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಎಷ್ಟು ಸಲ ಹೋಗಬೇಕಾಗುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಾಗಿದ್ದೂ ಒಪ್ಪುವವರು ಕಡತವನ್ನು ಮೊದಲೇ ಓದಿರುವ ಸಾಧ್ಯತೆ ಹೆಚ್ಚು.