ಗಿಣ್ಣು ಹಾಲು ಮೊದಲು ಕರುವಿಗೆ

ಹಸು ಕರು ಹಾಕಿತೆಂದರೆ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕಕ್ಕೂ ಕೊಡುತ್ತೇವೆ. ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ಸಲ ಕರೆದ ಹಾಲು ಕರುವಿನದು.

ನಮ್ಮ ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಅಂಶಗಳು ಸಿಗುತ್ತವೆ. ಕರುವಿಗೆ ಹಾಗಿಲ್ಲ. ಇಮ್ಯುನೋಗ್ಲಾಬ್ಯುಲಿನ್ ಎಂಬ ಆ ಪ್ರೋಟೀನು ಅದಕ್ಕೆ ಸಿಗುವುದು ಗಿಣ್ಣು ಹಾಲಿನಿಂದಲೇ. ಆಗತಾನೆ ಹುಟ್ಟಿದ ಕರುವಿನ ಕರುಳು ಅದನ್ನು ಜೀರ್ಣಿಸದೆ ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. 6 ಗಂಟೆ ಕಳೆಯುವಷ್ಟರಲ್ಲಿ ಈ ಶಕ್ತಿ ಇಳಿಯುತ್ತಾ ಬರುತ್ತದೆ, 24 ಗಂಟೆಗೆ ನಿಂತೇ ಹೋಗುತ್ತದೆ. ನಾಳೆ ಎರಡು ಪಟ್ಟು ಕುಡಿಸಿದರೂ ಇಂದಿನ ಕೊರತೆ ತುಂಬದು.

ಆದ್ದರಿಂದ ಕಸ ಬೀಳಲಿ ಎಂದು ಕಾಯಬೇಡಿ. ಕೆಚ್ಚಲು ತೊಳೆದು ಒರೆಸಿ ಒಂದು ಗಂಟೆಯೊಳಗೆ ಕುಡಿಸಿ. 25 ಕಿಲೋ ತೂಗುವ ಮಿಶ್ರತಳಿ ಕರುವಿಗೆ ಮೊದಲ ದಿನ ಎರಡೂವರೆ ಲೀಟರಿಗೆ ಕಡಿಮೆಯಾಗಬಾರದು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮೊದಲ 6 ಗಂಟೆಯಲ್ಲೇ ಹೋಗಬೇಕು. ಕುದಿಸಬೇಡಿ, ಕುದಿದರೆ ಆ ಅಂಶ ಕೆಡುತ್ತದೆ. ಹಾಲು ಆರಿದ್ದರೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿದರೆ ಸಾಕು. ನಮ್ಮ ಜಡಿಮಳೆಯಲ್ಲಿ ಕೊಟ್ಟಿಗೆ ಒಣಗುವುದೇ ಇಲ್ಲ. ಗಿಣ್ಣು ಸಾಲದ ಕರುವಿಗೆ ಭೇದಿ ಹಿಡಿಯುವುದು ಅಂಥ ದಿನಗಳಲ್ಲೇ.

ತಾಯಿಗೆ ಹಾಲಿಲ್ಲದಿದ್ದರೆ, ಆಗಷ್ಟೇ ಕರು ಹಾಕಿದ ಬೇರೆ ಆರೋಗ್ಯವಂತ ಹಸುವಿನ ಗಿಣ್ಣು ಕೇಳಿ ತನ್ನಿ. ಮನೆಯ ಗಿಣ್ಣಿಗೆ ಮಾರನೇ ದಿನ ಕರು ಕುಡಿದು ಉಳಿದ ಹಾಲಿದೆ. ಹೇಗೂ ಅದನ್ನು ಡೇರಿಗೆ ಹಾಕುವಂತಿಲ್ಲ.