ಪಾಥೇಯ

ದಾರಿಯ ಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಈ ಶಬ್ದದ ವ್ಯುತ್ಪತ್ತಿಯನ್ನು ಹೇಳಿಕೊಟ್ಟವನು ನಾನು. ಅದರ ಭಾರವೆಷ್ಟೆಂಬುದು ನನ್ನ ಹೆಗಲಿಗೆ ತಿಳಿದದ್ದು ಮಾತ್ರ 2025ನೆಯ ಇಸವಿಯಲ್ಲಿ, ಚನ್ನರಾಯಪಟ್ಟಣದಿಂದ ಹಾಸನಕ್ಕೆ ನಡೆದ ದಿನ.

ಮಹಾಶಿವರಾತ್ರಿಯ ಹೊತ್ತಿಗೆ ಧರ್ಮಸ್ಥಳವನ್ನು ಸೇರಬೇಕೆಂದು ಸಾವಿರಾರು ಜನರು ಪ್ರತಿವರ್ಷವೂ ಕಾಲ್ನಡಿಗೆಯಲ್ಲಿ ಹೊರಡುವುದನ್ನು ವಾಚಕರು ನೋಡಿರಬಹುದು. ಕುಣಿಗಲು, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ಹಾದು, ಚಾರ್ಮಾಡಿ ಘಾಟಿಯನ್ನಿಳಿದು ಉಜಿರೆಗೆ ಬರುವುದು ಒಂದು ದಾರಿ. ಆ ವರ್ಷ ಶಿವರಾತ್ರಿಯು ಫೆಬ್ರವರಿ 26ಕ್ಕೆ ಬಿದ್ದಿತ್ತು. ಕುಣಿಗಲಿನಿಂದ ಹೊರಟ ನಾವು ಏಳು ಮಂದಿ 19ರ ಸಾಯಂಕಾಲ ಚನ್ನರಾಯಪಟ್ಟಣವನ್ನು ಮುಟ್ಟುವಷ್ಟರಲ್ಲಿ ಮನೆಯಿಂದ ತಂದ ಕೋಡುಬಳೆಯ ಡಬ್ಬವು ಬರಿದಾಗಿತ್ತು.

ಪೇಟೆಯನ್ನು ಕಂಡ ದಾರಿಗನ ಬುದ್ಧಿ ವಿಚಿತ್ರವಾದುದು. ಹಸಿವು ಹೊಟ್ಟೆಯಲ್ಲಿದ್ದರೂ ವ್ಯಾಪಾರ ಮಾಡುವುದು ಕಣ್ಣು. ಅವಲಕ್ಕಿ, ಹುರಿಗಡಲೆ, ಬೆಲ್ಲ, ನಿಂಬೆಹಣ್ಣು, ಎರಡು ಡಜನ್ ಬಾಳೆಹಣ್ಣು, ಕೊಬ್ಬರಿ ಎಣ್ಣೆ, ಬ್ಯಾಟರಿಗೆ ಸೆಲ್ಲು — ಹೀಗೆ ಕೊಂಡದ್ದೇ ಕೊಂಡದ್ದು. ಜೊತೆಯಲ್ಲಿದ್ದ ನನ್ನ ಭಾವನವರ ಹಳೆಯ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಹೊಲಿಸಿದರೆ ಸಾಕೆಂದು ಅವರೆಂದರು. “ಘಟ್ಟ ಇಳಿಯುವುದಕ್ಕೆ ಚಪ್ಪಲಿ ಸಾಲದು, ಭಾವ, ಬೂಟು ಕೊಳ್ಳಿ” ಎಂದು ಬಲವಂತಪಡಿಸಿದವನು ನಾನೇ. ಅಳತೆಗೆ ಸರಿಯಾದ ಜೋಡು ದೊರೆಯಲಿಲ್ಲ. ತುಸು ಬಿಗಿಯಾದುದನ್ನೇ, ನಡೆದರೆ ಸಡಿಲವಾಗುತ್ತದೆಂದು ಸಮಾಧಾನ ಹೇಳಿ ಕೊಡಿಸಿದೆನು.

ಮರುದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಹೊರಟೆವು. ಕೃಷ್ಣಪಕ್ಷದ ಅರ್ಧಚಂದ್ರನು ಮೇಲಿದ್ದನು. ಹಾಸನಕ್ಕೆ ಸುಮಾರು 38 ಕಿಲೋಮೀಟರು. ಹೆದ್ದಾರಿಯ ಲಾರಿಗಳು ಪಕ್ಕದಲ್ಲಿ ಹಾಯುವಾಗ ಪಂಚೆಯ ಅಂಚು ಹಾರಾಡುವುದು. ಉದಯಪುರವನ್ನು ದಾಟುವ ಹೊತ್ತಿಗೆ ಬೆಳಕು ಹರಿಯಿತು; ನನ್ನ ಹೆಗಲು ಇಳಿಯಿತು. ಅಲ್ಲಿಂದ ಮುಂದೆ ಹರದಾರಿಗೊಂದೆಡೆ ಊರಿನವರು ಚಪ್ಪರ ಹಾಕಿ ಮಜ್ಜಿಗೆ, ಪಾನಕ, ಉಪ್ಪಿಟ್ಟುಗಳನ್ನು ಕೈಹಿಡಿದು ಕೊಡುತ್ತಿರಲು, ಬೆನ್ನಮೇಲಿನ ಬಾಳೆಹಣ್ಣನ್ನು ಕೇಳುವವರು ಯಾರು? ಬಿಸಿಲೇರುತ್ತ ಒಬ್ಬೊಬ್ಬರಾಗಿ ಎಲ್ಲರ ಕಾಲಿನಲ್ಲಿಯೂ ಬೊಬ್ಬೆಗಳೆದ್ದವು. ಭಾವನವರು ಮಾತ್ರ ಮುಂದೆ ನಡೆಯುತ್ತ, “ಏನು ಮೇಷ್ಟ್ರೇ, ಅರುವತ್ತಕ್ಕೇ ಹೀಗೆ! ನನಗೆ ಅರುವತ್ತಾರು, ಒಂದಿಷ್ಟೂ ನೋವಿಲ್ಲ ನೋಡು” ಎಂದು ನಗುತ್ತಿದ್ದರು.

ಶಾಂತಿಗ್ರಾಮದಲ್ಲಿ ನಿಂತೆವು. ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರನ್ನು ಹೊತ್ತ ಊರೆಂದು ಹೇಳುವರು. ಹೊಯ್ಸಳರ ಕಾಲದ ಭೋಗನರಸಿಂಹನ ಗುಡಿಯಿದೆ. ಬೂಟನ್ನು ಹೊರಗೆ ಬಿಟ್ಟು ಭಾವನವರು ಒಳಗೆ ನಾಲ್ಕು ಹೆಜ್ಜೆಯಿಟ್ಟರು. ಕಲ್ಲುಹಾಸಿನ ಮೇಲೆ ನಾಲ್ಕರಲ್ಲಿ ಎರಡು ಹೆಜ್ಜೆ ಕೆಂಪಾಗಿ ಮೂಡಿದವು. ಮೊದಲು ಕುಂಕುಮವೆಂದೇ ತಿಳಿದೆನು. “ಭಾವ, ನಿಲ್ಲಿ, ಕಾಲು ನೋಡಿಕೊಳ್ಳಿ” ಎಂದು ಕೂಗಿದಾಗ ಅವರು ನನ್ನ ಮುಖವನ್ನು ನೋಡಿದರೇ ಹೊರತು ಕಾಲನ್ನಲ್ಲ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚರ್ಮ ಪೂರ್ತಿ ಸುಲಿದುಹೋಗಿತ್ತು. ಅವರಿಗೆ ಅರಿವೇ ಇಲ್ಲ.

ಹದಿನೈದು ವರ್ಷಗಳಿಂದ ಅವರಿಗೆ ಸಕ್ಕರೆಕಾಯಿಲೆ ಇರುವುದು ನಮಗೆಲ್ಲ ಗೊತ್ತಿತ್ತು. ಗಾಯವನ್ನು ಶುದ್ಧವಾದ ನೀರಿನಿಂದ ತೊಳೆದು, ಬಟ್ಟೆ ಸುತ್ತಿ, ಆಟೋ ಹತ್ತಿಸಿ ಇಬ್ಬರೊಡನೆ ಹಾಸನಕ್ಕೆ ಕಳುಹಿಸಿದೆವು. ಅಲ್ಲಿನ ವೈದ್ಯರು ವಿವರಿಸಿದ ಸಂಗತಿಯನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಒಳ್ಳೆಯದು. ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದರೂ ಸುದ್ದಿ ಮೇಲಕ್ಕೆ ಬಾರದು. ಅಲ್ಲಿಗೆ ರಕ್ತಸಂಚಾರವೂ ಕಡಮೆಯಾದಲ್ಲಿ ಗಾಯ ಬೇಗ ಮಾಯದೆ ಕೀವುಗಟ್ಟಿ, ಕೆಲವೊಮ್ಮೆ ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗುತ್ತದೆ. ಅಂಥವರು ದಿನವೂ ರಾತ್ರಿ ಅಂಗಾಲನ್ನು ಕಣ್ಣಿನಿಂದ ನೋಡಬೇಕು, ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು; ಪಾದರಕ್ಷೆಯೊಳಗೆ ಕೈಯಾಡಿಸಿಯೇ ಹಾಕಿಕೊಳ್ಳಬೇಕು; ಹೊಸ ಜೋಡನ್ನು ಮನೆಯಲ್ಲಿ ಸ್ವಲ್ಪಸ್ವಲ್ಪ ಹೊತ್ತು ಮೆಟ್ಟಿ ರೂಢಿಮಾಡಿಕೊಳ್ಳದೆ ದೂರ ನಡೆಯಕೂಡದು. ಸಕ್ಕರೆಯಿಳಿಸುವ ಔಷಧ ನುಂಗಿ ಬಹಳ ನಡೆದರೆ ಸಕ್ಕರೆ ವಿಪರೀತ ಇಳಿದು ಬೆವರು, ನಡುಕಗಳು ಬರುವುದೂ ಉಂಟು. ನಾನು ಹೊತ್ತಿದ್ದ ಬೆಲ್ಲಕ್ಕೆ ಹೀಗೊಂದು ಉಪಯೋಗವಿದ್ದಿತೆಂದು ಅಲ್ಲಿಯವರೆಗೂ ತಿಳಿದಿರಲಿಲ್ಲ.

ನಾವುಳಿದ ನಾಲ್ವರು ಹಾಸನವನ್ನು ಸೇರಿದಾಗ ಸಂಜೆಯಾಗಿತ್ತು. ತಂಗಿದ್ದ ಛತ್ರದಲ್ಲಿ ಹೊಳೆನರಸೀಪುರದವರೂ ಅರಕಲಗೂಡಿನವರೂ ಬಂದು ಸೇರಿ, ಮರುದಿನದ ಬೇಲೂರು ದಾರಿಯ ಮಾತೇ ಮಾತು. ಭಾವನವರು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಜಗುಲಿಯ ಮೂಲೆಯಲ್ಲಿ ಕುಳಿತಿದ್ದರು. ಮೊಮ್ಮಗಳು ಜ್ವರದಿಂದ ಎದ್ದರೆ ನಡೆದು ಬರುವೆನೆಂದು ಹೊತ್ತ ಹರಕೆ ಅವರದು. “ಕುಂಟಿಕೊಂಡಾದರೂ ಬರುತ್ತೇನೆ” ಎಂದು ಮೂರು ಸಲ ಹೇಳಿದರು. ನಾನು ಉತ್ತರ ಕೊಡಲಿಲ್ಲ. ಬೂಟು ಕೊಡಿಸಿದ ಬಾಯಿಗೆ ಮಾತೆಲ್ಲಿಯದು? ನಾಲ್ಕನೆಯ ಸಲ ಅವರು ಹೇಳಲಿಲ್ಲ. ಮಡಿಲಿನಿಂದ ಹಳದಿ ಬಟ್ಟೆಯ ಮುಡಿಪನ್ನು ತೆಗೆದು ನನ್ನ ಕೈಗಿತ್ತು, “ಇದನ್ನು ನೀನು ಮುಟ್ಟಿಸು” ಎಂದರು.

ರಾತ್ರಿಯೇ ಚೀಲವನ್ನು ಬಿಚ್ಚಿ, ಬಾಳೆಹಣ್ಣು ಅವಲಕ್ಕಿಗಳನ್ನು ಅರಕಲಗೂಡಿನವರ ಮಕ್ಕಳಿಗೆ ಹಂಚಿದೆನು. ಬೆಲ್ಲವನ್ನೂ ಬೂಟನ್ನೂ ಭಾವನವರ ಚೀಲದಲ್ಲಿಟ್ಟೆನು. ಬೆಳಗಿನ ಜಾವ ನಾವು ಬೇಲೂರಿನ ಕಡೆಗೆ ತಿರುಗಿದೆವು. ಅವರು ಕುಣಿಗಲಿನ ಮೊದಲ ಬಸ್ಸಿಗೆಂದು, ಹಳೆಯ ಚಪ್ಪಲಿಗೆ ಹುರಿ ಕಟ್ಟಿಕೊಂಡು, ಒಬ್ಬ ಹುಡುಗನ ಹೆಗಲು ಹಿಡಿದು ಹೋದರು.