ಚಿಕ್ಕನಾಯಕನಹಳ್ಳಿ ಬಸ್ಸಿನ ಬೋರ್ಡು

ತಿಪಟೂರು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಎರಡನೇ ತರಗತಿಯಲ್ಲಿರುವ ನನ್ನ ತಂಗಿಯ ಮಗಳು ಎದುರಿನ ಬಸ್ಸಿನ ಬೋರ್ಡು ಓದಲು ಹೊರಟಳು. ‘ಚಿ... ಕ... ಅಲ್ಲ, ಚಿಕ್ಕ... ನಾ... ಯ... ಕ... ನ... ಹಳಿ...’ ತಡೆದಳು. ಕೆಳಗಿನ ಒತ್ತು ಕಣ್ಣಿಗೆ ಬಿತ್ತು. ‘ದೊಡ್ಡಮ್ಮ, ಚಿಕ್ಕನಾಯಕನಹಳ್ಳಿ! ಅಜ್ಜಿ ಊರು!’

ಆ ತಡವರಿಕೆಯಲ್ಲಿ ದೊಡ್ಡ ಕೆಲಸವೇ ನಡೆದಿತ್ತು. ‘ಳ್ಳಿ’ಯಲ್ಲಿ ಕಣ್ಣಿಗೆ ಮೊದಲು ಸಿಗುವುದು ‘ಳಿ’. ಗುಡಿಸು ಮೇಲಿನ ಳಕಾರಕ್ಕೆ ಅಂಟಿದೆ, ಒತ್ತು ಕೆಳಗಿದೆ. ನಾಲಿಗೆ ಮಾತ್ರ ಎರಡೂ ಳಕಾರ ಮುಗಿಸಿಯೇ ‘ಇ’ಗೆ ಬರಬೇಕು. ‘ಸೂರ್ಯ’ ಇನ್ನೂ ಕಷ್ಟ: ಮೊದಲು ನುಡಿಯಬೇಕಾದ ರಕಾರ ಅರ್ಕಾವತ್ತಾಗಿ ಯಕಾರದ ಹಿಂದೆ ನಿಂತಿರುತ್ತದೆ. ವರ್ಣಮಾಲೆಯಲ್ಲಿ 49 ಅಕ್ಷರವಾದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ: ಇಂಗ್ಲಿಷಿನ 26 ಅಕ್ಷರ ಕಲಿತಷ್ಟು ಬೇಗ ಇದು ಮುಗಿಯದು, ನಾಲ್ಕನೇ ತರಗತಿಯವರೆಗೂ ಅಕ್ಷರ ಕಲಿಕೆ ಸಾಗುತ್ತಲೇ ಇರುತ್ತದೆ. ಎರಡನೇ ತರಗತಿಯ ಮಗು ತೊದಲಿದರೆ ‘ಪಕ್ಕದ ಮನೆಯವನು ನೋಡು, ಎಷ್ಟು ಸರಾಗವಾಗಿ ಓದ್ತಾನೆ’ ಎನ್ನುವವರ ಮೇಲೆ ನನಗೆ ನಿಜಕ್ಕೂ ಬೇಸರ.

ಮಾತು ಕೇಳುತ್ತಲೇ ಬರುತ್ತದೆ, ಓದು ಹಾಗಲ್ಲ. ಮುಖ, ವಸ್ತುಗಳನ್ನು ಗುರುತಿಸಲು ಇದ್ದ ಮಿದುಳಿನ ಎಡಭಾಗದ ಒಂದು ತಾಣವೇ ಅಕ್ಷರಕ್ಕೂ ಪಳಗಬೇಕು ಎನ್ನುತ್ತಾರೆ ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹಾನ್. ಪಳಗಲು ದಿನಗಳು ಬೇಕು.

ಆದರೆ ಹುಡುಗಿ ಗೆದ್ದದ್ದು ಕಣ್ಣಿನಿಂದಷ್ಟೇ ಅಲ್ಲ. ‘ಹಳಿ’ ಎಂದೊಡನೆ ಅವಳನ್ನು ತಡೆದದ್ದು ಕಿವಿ. ಅಜ್ಜಿ ಊರಿನ ಹೆಸರು ಅಲ್ಲಿ ಮೊದಲೇ ಇತ್ತು. 1986ರಲ್ಲಿ ಗಾಫ್ ಮತ್ತು ಟನ್ಮರ್ ಎಂಬಿಬ್ಬರು ಓದನ್ನು ಒಂದು ಗುಣಾಕಾರವಾಗಿ ಬರೆದರು: ಅಕ್ಷರ ಬಿಡಿಸುವ ಶಕ್ತಿ, ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ. ಗುಣಾಕಾರವಾದ್ದರಿಂದ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ.

ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ‘ನಾವು ಓದಿದವರಲ್ಲ, ಮಗುವಿಗೆ ಏನು ಹೇಳಿಕೊಡೋದು’ ಎನ್ನುವವರು ಬಹಳ. ಎರಡನೇ ಶಕ್ತಿ ಅವರ ಬಳಿಯೇ ಇದೆ. ಹೊಂಬಾಳೆ, ಗರಿ, ಮಟ್ಟೆ, ಕರಟ. ಅಟ್ಟದ ಮೇಲೆ ಸುಮಾರು ವರ್ಷವಿಟ್ಟ ಕಾಯಿಯಲ್ಲಿ ನೀರು ಬತ್ತಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಎನ್ನುವುದು. ಇದನ್ನೆಲ್ಲ ಕೇಳಿ ಬೆಳೆದ ಮಗು ಪುಸ್ತಕದಲ್ಲಿ ‘ಹೊಂಬಾ...’ ಎನ್ನುವಷ್ಟರಲ್ಲಿ ಉಳಿದದ್ದನ್ನು ತಾನೇ ಹಿಡಿಯುತ್ತದೆ.

ಪುಸ್ತಕಕ್ಕೆ ದೂರ ಹೋಗಬೇಕಿಲ್ಲ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ತಂದ ಮೇಲೆ ಮಗುವೇ ಓದಲಿ, ದೊಡ್ಡವರು ಕೇಳಲಿ, ಕೇಳುತ್ತ ಪ್ರಶ್ನೆ ಹಾಕಲಿ. ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪುಟ್ಟ ಮಕ್ಕಳೊಡನೆ ಹೀಗೆ ಪ್ರಶ್ನೆ ಹಾಕುವ ಮಾತುಕತೆಯ ಓದು ನಡೆಸಲು ಹೆತ್ತವರಿಗೆ ಹೇಳಿಕೊಟ್ಟು, ಅವರ ಮಾತು ಬೆಳೆದದ್ದನ್ನು ಕಂಡರು. ಮಗು ತಡೆದಲ್ಲಿ ತಕ್ಷಣ ಬಾಯಿ ಹಾಕಬಾರದು, ಅಷ್ಟೇ.

ಆ ಸಂಜೆ ಚಿಕ್ಕನಾಯಕನಹಳ್ಳಿಯ ಜಗಲಿಯಲ್ಲಿ ಅಜ್ಜಿ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು. ಹುಡುಗಿ ಚಿತ್ರದ ಪುಸ್ತಕ ಬಿಡಿಸಿ ಮರ ಹತ್ತಿದ ಕೋತಿಯ ಕಥೆ ಓದಿದಳು. ಅಕ್ಷರ ಬಾರದ ಅಜ್ಜಿ ಕಡ್ಡಿ ಕೆಳಗಿಟ್ಟು ಕೇಳಿದರು: ‘ಅಲ್ಲ ಕಣವ್ವ, ಆ ಮರದಲ್ಲಿ ಎಳನೀರಿತ್ತೋ, ಬಲಿತ ಕಾಯೋ?’

ಅವಳು ಉತ್ತರಿಸಲಿಲ್ಲ. ಮೊದಲ ಪುಟಕ್ಕೆ ಹಿಂದಿರುಗಿ, ಬೆರಳಿಟ್ಟು ಹುಡುಕತೊಡಗಿದಳು.